ಯಾರ ಸಾಲ ಯಾರು ತೀರಿಸಬೇಕು?

ಸೋಲೂರು ಕಡೆಯ ನಮ್ಮ ಕೇರಿಗಳಲ್ಲಿ ಜೀತ ಅನ್ನೋದನ್ನ ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ತಾತಂದಿರು ಮದುವೆಗೋ ಕಾಯಿಲೆಗೋ ತಂದ ಪುಡಿಗಾಸಿಗೆ ಒಡೆಯರ ಕೊಟ್ಟಿಗೆಯಲ್ಲಿ ಮಲಗಿ, ಕೋಳಿ ಕೂಗೋ ಮುಂಚೆ ಎದ್ದು ಸಗಣಿ ಬಾಚಿದವರು. ದುಡಿಮೆ ಬಡ್ಡಿಗೆ ವಜಾ, ಅಸಲು ಹಾಗೇ ಬಾಕಿ. ಅಪ್ಪ ಸೋತರೆ ಮಗ ಹೋಗಬೇಕು. ಇದೇ ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರು, ತಮ್ಮಪ್ಪ ಎತ್ತಿನ ಜಾಗದಲ್ಲಿ ನೊಗ ಹೊತ್ತದ್ದನ್ನು ಕಂಡ ಬಾಲ್ಯವನ್ನು 'ಊರುಕೇರಿ'ಯಲ್ಲಿ ಬರೆದಿದ್ದಾರೆ.

ನಾವು ಕಾಲೇಜು ಮೆಟ್ಟಿಲು ಹತ್ತಿದಾಗ ಫ್ರೆಂಚ್ ಕ್ರಾಂತಿಯ ಪಾಠ ಬಂತು. ಸ್ವಾತಂತ್ರ್ಯ, ಸಮಾನತೆ, ಸೋದರತೆ ಅಂತ ಬಾಯಿಪಾಠ ಮಾಡಿದೆವು. ಅದೇ ಫ್ರಾನ್ಸಿನ ವಸಾಹತಾಗಿದ್ದ ಇವತ್ತಿನ ಹೈಟಿಯಲ್ಲಿ, ಸುಮಾರು 5 ಲಕ್ಷ ಆಫ್ರಿಕನ್ ಗುಲಾಮರು ಕಬ್ಬು, ಕಾಫಿ ತೋಟಗಳಲ್ಲಿ ಸಾಯ್ತಿದ್ದರು ಅನ್ನೋದನ್ನ ಯಾರೂ ಹೇಳಲಿಲ್ಲ.

ಪ್ಯಾರಿಸಿನಲ್ಲಿ ಎಲ್ಲರೂ ಸುಮ್ಮನಿರಲಿಲ್ಲ, ನಿಜ. 1781ರಲ್ಲಿ ತತ್ವಜ್ಞಾನಿ ಕೊಂಡೋರ್ಸೆ ಬೇರೆ ಹೆಸರಿಟ್ಟುಕೊಂಡು ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ. ಮನುಷ್ಯ ಯಾರ ಆಸ್ತಿಯೂ ಅಲ್ಲ, ಆದ್ದರಿಂದ ಒಡೆಯನಿಗೆ ಪರಿಹಾರ ಕೇಳುವ ಹಕ್ಕಿಲ್ಲ ಅಂದ. 1788ರಲ್ಲಿ ಬ್ರಿಸೊ 'ಕಪ್ಪು ಜನರ ಗೆಳೆಯರ ಸಂಘ' ಕಟ್ಟಿದ. ಪಾದ್ರಿ ಗ್ರೆಗೊಆರ್ ಜೊತೆಗೂಡಿದ. ಆದರೆ ಒಂದೇ ಏಟಿಗೆ ಬಿಡುಗಡೆ ಅನ್ನೋ ಧೈರ್ಯ ಈ ಗೆಳೆಯರಿಗೂ ಇರಲಿಲ್ಲ. ಮೊದಲು ಗುಲಾಮರ ವ್ಯಾಪಾರ ನಿಲ್ಲಲಿ, ಉಳಿದದ್ದು ಮೆಲ್ಲಗೆ ಅಂದರು. ಕೊಂಡೋರ್ಸೆಯ ಯೋಜನೆ ಪ್ರಕಾರ ಗುಲಾಮಗಿರಿ ಪೂರ್ತಿ ಅಳಿಯಲು ಸುಮಾರು 70 ವರ್ಷ ಬೇಕಿತ್ತು. ಕೊಟ್ಟಿಗೆಯಲ್ಲಿ ಮಲಗಿದವನಿಗೆ 70 ವರ್ಷ ಅಂದರೆ ಎಷ್ಟು ತಲೆಮಾರು, ಗೆಳೆಯರೇ?

ತೋಟದವರು ಕಾಯಲಿಲ್ಲ. 1791ರ ಆಗಸ್ಟಿನಲ್ಲಿ ದಂಗೆ ಎದ್ದರು, ಕಬ್ಬಿಗೆ ಬೆಂಕಿ ಬಿತ್ತು. 1794ರ ಫೆಬ್ರವರಿ 4ರಂದು ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ವಸಾಹತುಗಳಲ್ಲಿ ಅದನ್ನು ಮತ್ತೆ ತಂದ. ಅವನ ಸೈನ್ಯವನ್ನೇ ಸೋಲಿಸಿ, 1804ರ ಜನವರಿ 1ರಂದು ಆ ಜನ ಹೈಟಿ ಎಂಬ ಸ್ವತಂತ್ರ ದೇಶ ಸಾರಿದರು.

ಇನ್ನು ಲೆಕ್ಕ ನೋಡಿ. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ಕಳಿಸಿ, ಒಡೆಯರ ನಷ್ಟಕ್ಕೆಂದು ಹೈಟಿಯ ತಲೆ ಮೇಲೆ 15 ಕೋಟಿ ಫ್ರಾಂಕ್ ಹೊರಿಸಿತು. ಅದನ್ನು ಕಟ್ಟಲು ಹೈಟಿ ಮತ್ತೆ ಸಾಲಕ್ಕೆ ಬಿತ್ತು. 1848ರಲ್ಲಿ ಉಳಿದ ವಸಾಹತುಗಳ ಗುಲಾಮರನ್ನು ಬಿಟ್ಟಾಗಲೂ ಪರಿಹಾರ ಹೋದದ್ದು ಒಡೆಯರ ಮನೆಗೆ. ಕೊಂಡೋರ್ಸೆಯ ಮಾತು ಕಾಗದದಲ್ಲೇ ಉಳಿಯಿತು.

ನಮ್ಮಲ್ಲಿ? ಕಂಪನಿ ಸರ್ಕಾರ 1843ರಲ್ಲೇ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆಯಿತು. ಆದರೆ ಇವನು ಗುಲಾಮನಲ್ಲ, ಸಾಲಗಾರ ಅನ್ನೋ ನೆಪದಲ್ಲಿ ಜೀತ ಬದುಕಿಕೊಂಡಿತು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದ ಮೇಲೂ ಹೋಗಲಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಬಂದು, ಜೀತದ ಸಾಲವೆಲ್ಲ ಮನ್ನಾ, ಒಡೆಯ ವಸೂಲಿಗೆ ಬರುವಂತಿಲ್ಲ ಅಂತು. ಒಡೆಯನಿಗೆ ಪರಿಹಾರವಿಲ್ಲ! ಹೈಟಿಗೆ ಸಿಗದ ನ್ಯಾಯ ನಮ್ಮ ಕಾನೂನಿನಲ್ಲಿ ಸಿಕ್ಕಿತು.

ಆದರೆ ಕಾನೂನು ತಾನಾಗಿ ನಡೆದು ಕೇರಿಗೆ ಬರೋದಿಲ್ಲ. ನಮ್ಮಲ್ಲಿ ಜೀತವೇ ಇಲ್ಲ ಅಂತ ಕಚೇರಿಗಳು ಬರೆದು ಕೈತೊಳೆದುಕೊಂಡ ಕಡೆ, ಜೀವಿಕದಂಥ ಸಂಘಟನೆಗಳು ಹಳ್ಳಿ ಹಳ್ಳಿ ಅಲೆದು ಜೀತದಾಳುಗಳ ಪಟ್ಟಿ ಮಾಡಬೇಕಾಯಿತು. ಜೀತದಾಳುಗಳೇ ಎದ್ದು ನಿಂತು ಹೆಸರು ಹೇಳಬೇಕಾಯಿತು. ಬಿಡುಗಡೆಯಾದವನಿಗೆ 1978ರ ಯೋಜನೆ ಗೊತ್ತು ಮಾಡಿದ್ದು ಹೆಚ್ಚೆಂದರೆ 4,000 ರೂಪಾಯಿ. ನೆಲವಿಲ್ಲದವನು ಬರಗಾಲ ಬಂದರೆ ಸಾಲಕ್ಕೆ ಯಾರ ಜಗಲಿ ಮುಂದೆ ನಿಲ್ಲಬೇಕು? ಅದೇ ಒಡೆಯನ ಜಗಲಿ.

ಸಾಲ ಮನ್ನಾ ಆಯ್ತು ಅಂತಾರೆ. ಯಾರ ಸಾಲ? ತಲೆಮಾರುಗಟ್ಟಲೆ ಕೊಡದ ಕೂಲಿ ಯಾರ ಬಾಕಿ? ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಕೇರಿಯ ಮುದುಕರ ಹತ್ತಿರ ಕೂತು ಕೇಳಿ: ಎಷ್ಟು ರೂಪಾಯಿಗೆ ಎಷ್ಟು ವರ್ಷ ದುಡಿದಿರಿ? ಅವರು ಹೋಗಿಬಿಡುವ ಮುಂಚೆ ಬರೆದಿಡಿ. ನಾವೂ ನಮ್ಮ ಮನೆಯಿಂದ ಶುರು ಮಾಡಿದ್ದೇವೆ.