ಮೂಳೆ ಸೋಂಕಿನ ಆರು ವಾರ: ರೂಢಿ ಮತ್ತು ಪುರಾವೆ

ಮೂಳೆಗೆ ಕೀವು ಹತ್ತಿದರೆ ಆರು ವಾರ ರಕ್ತನಾಳಕ್ಕೇ ಆಂಟಿಬಯಾಟಿಕ್ ಕೊಡಬೇಕು ಎಂಬ ಮಾತು ವೈದ್ಯಕೀಯದಲ್ಲಿ ಸುಮಾರು ಅರ್ಧ ಶತಮಾನ ನಿಯಮದಂತೆ ನಡೆಯಿತು. ಹೇಳುವಾಗ ಅದು ಒಂದೇ ವಾಕ್ಯ. ಆದರೆ ಅದರೊಳಗೆ ಎರಡು ಬೇರೆ ಬೇರೆ ತೀರ್ಮಾನಗಳು ಸೇರಿಕೊಂಡಿವೆ. ಔಷಧಿ ಎಷ್ಟು ದಿನ ನಡೆಯಬೇಕು ಎಂಬುದು ಒಂದು. ಅದು ಯಾವ ದಾರಿಯಲ್ಲಿ ಮೈಸೇರಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಬಿಡಿಸಿ, ಒಂದೊಂದನ್ನೇ ಪರೀಕ್ಷೆಗೆ ಒಡ್ಡಿದ ದೊಡ್ಡ ಪ್ರಯೋಗಗಳ ಫಲಿತಾಂಶ 2015ರಿಂದ 2021ರ ನಡುವೆ ಪ್ರಕಟವಾಯಿತು. ಅವನ್ನು ‘ಮಾತ್ರೆ ಸಾಕು’ ಎಂಬ ಎರಡು ಪದಗಳಿಗೆ ಇಳಿಸಿ ಓದುವುದು ಸುಲಭ, ಅಪಾಯಕರ. ಆ ಪ್ರಯೋಗಗಳು ನಿಜವಾಗಿ ಏನನ್ನು ತೋರಿಸಿದವು, ಏನನ್ನು ತೋರಿಸಲಿಲ್ಲ, ಕರ್ನಾಟಕದ ರೋಗಿಗೆ ಅವುಗಳಿಂದ ಎಷ್ಟು ದಕ್ಕುತ್ತದೆ ಎಂಬುದು ಈ ಟಿಪ್ಪಣಿಯ ವಿಚಾರ.

ರೂಢಿಯ ಬೇರು 1970ರಲ್ಲಿದೆ. ಆ ವರ್ಷ ವಾಲ್ಡ್‌ಫೋಗೆಲ್, ಮೆಡಾಫ್ ಮತ್ತು ಸ್ವಾರ್ಟ್ಸ್ ಅವರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಮೂಳೆ ಸೋಂಕನ್ನು ಕುರಿತು ದೀರ್ಘ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಕನಿಷ್ಠ ನಾಲ್ಕು ವಾರ ಚುಚ್ಚುಮದ್ದಿನ ರೂಪದಲ್ಲೇ ಔಷಧಿ ಬೇಕು ಎಂಬ ಸಲಹೆಗೆ ಮುಖ್ಯ ಆಧಾರವಾದದ್ದು ಅದು. ಆದರೆ ಅದು ಎರಡು ಗುಂಪುಗಳನ್ನು ಎದುರುಬದುರು ಇಟ್ಟು ಹೋಲಿಸಿದ ಪ್ರಯೋಗವಲ್ಲ. ಆಸ್ಪತ್ರೆಯ ಹಳೆಯ ದಾಖಲೆಗಳಿಂದ ಹೆಕ್ಕಿದ ಅನುಭವ. ಆ ಕಾಲಕ್ಕೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಅಂದು ಕೈಯಲ್ಲಿದ್ದ ಬಾಯಿಮದ್ದುಗಳು ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಇಳಿಯುತ್ತಿರಲಿಲ್ಲ, ಸತ್ತ ಮೂಳೆಯ ಚೂರಿಗೆ ರಕ್ತವೇ ಹರಿಯುವುದಿಲ್ಲ. ಮುಂದೆ ರಿಫಾಂಪಿಸಿನ್, ಸಿಪ್ರೋಫ್ಲಾಕ್ಸಸಿನ್, ಲಿನೆಜೊಲಿಡ್‌ನಂತಹ ಮದ್ದುಗಳು ಬಂದವು. ಇವನ್ನು ನುಂಗಿದರೂ ರಕ್ತದಲ್ಲಿ ಬೇಕಾದಷ್ಟು ಮಟ್ಟ ಸಿಗುತ್ತದೆ, ಮೂಳೆಗೂ ತಲುಪುತ್ತವೆ. ಮದ್ದು ಬದಲಾಯಿತು, ರೂಢಿ ಬದಲಾಗಲಿಲ್ಲ.

ಇಂಥ ರೂಢಿಯನ್ನು ಪ್ರಯೋಗಕ್ಕೆ ಒಡ್ಡುವ ಧೈರ್ಯ ಅದಕ್ಕೂ ಮೊದಲೇ ಬೇರೊಂದು ರೋಗದಲ್ಲಿ ಕಂಡಿತ್ತು. ಬೆನ್ನುಮೂಳೆಯ ಕ್ಷಯಕ್ಕೆ ತಿಂಗಳುಗಟ್ಟಲೆ ಹಾಸಿಗೆ, ಮೈತುಂಬ ಪ್ಲಾಸ್ಟರ್ ಕವಚ ಎಂಬುದು ಆಗಿನ ಪದ್ಧತಿ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ಲಿನ ತಂಡ ಕೊರಿಯಾದ ಮಾಸಾನ್‌ನಲ್ಲಿ ಹಾಸಿಗೆ ಹಿಡಿದವರನ್ನು ಓಡಾಡಿಕೊಂಡೇ ಔಷಧಿ ತೆಗೆದುಕೊಂಡವರ ಜೊತೆ, ಪೂಸಾನ್‌ನಲ್ಲಿ ಪ್ಲಾಸ್ಟರ್ ತೊಟ್ಟ ಮಕ್ಕಳನ್ನು ತೊಡದ ಮಕ್ಕಳ ಜೊತೆ ಹೋಲಿಸಿ ನೋಡಿತು. 1973ರಲ್ಲಿ ವರದಿಗಳು ಬಂದಾಗ ಗೊತ್ತಾದದ್ದು ಇಷ್ಟು: ಔಷಧಿಯನ್ನು ಕ್ರಮವಾಗಿ ತೆಗೆದುಕೊಂಡರೆ ಹಾಸಿಗೆಯಿಂದಲೂ ಪ್ಲಾಸ್ಟರಿನಿಂದಲೂ ಹೆಚ್ಚಿನ ಲಾಭವಿಲ್ಲ. ಅದೇ ಕೌನ್ಸಿಲ್ಲಿನ ಬೆನ್ನುಮೂಳೆ ಕ್ಷಯದ ಅಧ್ಯಯನಗಳು ಮುಂದೆ ಮದ್ರಾಸಿನಲ್ಲೂ ನಡೆದವು. ರೋಗಿಯನ್ನು ತಿಂಗಳುಗಟ್ಟಲೆ ಮಲಗಿಸಿದ್ದು ಕಾಳಜಿಯಿಂದಲೇ. ಆ ಕಾಳಜಿಗೆ ಪುರಾವೆ ಇರಲಿಲ್ಲ.

ಈಗ ಮೂಳೆ ಸೋಂಕಿನಲ್ಲಿ ಔಷಧಿಯ ದಾರಿಯನ್ನು ಪರೀಕ್ಷಿಸಿದ ಒವಿವಾ ಪ್ರಯೋಗಕ್ಕೆ ಬರುತ್ತೇನೆ. ಆಕ್ಸ್‌ಫರ್ಡಿನಲ್ಲಿ 228 ರೋಗಿಗಳೊಂದಿಗೆ ಶುರುವಾಗಿ ಬ್ರಿಟನ್ನಿನ 26 ಕೇಂದ್ರಗಳಿಗೆ ಹಬ್ಬಿದ ಈ ಪ್ರಯೋಗದಲ್ಲಿ ಒಟ್ಟು 1054 ವಯಸ್ಕರು ಸೇರಿದ್ದರು. ಹೋ ಕ್ವಾಂಗ್ ಲಿ, ಮ್ಯಾಥ್ಯೂ ಸ್ಕಾರ್‌ಬರೋ ಮತ್ತು ಸಂಗಡಿಗರ ವರದಿ 2019ರ ಜನವರಿಯಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಆದ ಮೇಲೆ, ಅಥವಾ ಶಸ್ತ್ರಚಿಕಿತ್ಸೆ ಇಲ್ಲದ ಕಡೆ ಔಷಧಿ ಶುರುವಾದ ಮೇಲೆ, ಏಳು ದಿನದೊಳಗೆ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ವಾರ ರಕ್ತನಾಳದ ಮೂಲಕ, ಇನ್ನೊಂದಕ್ಕೆ ಆರು ವಾರ ಬಾಯಿಯ ಮೂಲಕ ಔಷಧಿ ಕೊಟ್ಟರು. ಒಂದು ವರ್ಷದೊಳಗೆ ಚಿಕಿತ್ಸೆ ಸೋತದ್ದು ರಕ್ತನಾಳದ ಗುಂಪಿನಲ್ಲಿ 506ರಲ್ಲಿ 74 ಮಂದಿಗೆ, ಅಂದರೆ ಶೇ. 14.6, ಮಾತ್ರೆಯ ಗುಂಪಿನಲ್ಲಿ 509ರಲ್ಲಿ 67 ಮಂದಿಗೆ, ಅಂದರೆ ಶೇ. 13.2. ರಕ್ತನಾಳದಲ್ಲಿಟ್ಟ ನಳಿಕೆಯಿಂದಾದ ತೊಂದರೆ ಮೊದಲ ಗುಂಪಿನಲ್ಲಿ ಶೇ. 9.4, ಎರಡನೆಯದರಲ್ಲಿ ಶೇ. 1. ಆಸ್ಪತ್ರೆಯಲ್ಲಿ ಕಳೆದ ದಿನಗಳ ಮಧ್ಯಾಂಕ 14 ಮತ್ತು 11.

ಇದು ‘ಹೊಸದು ಹಳೆಯದಕ್ಕಿಂತ ಕಳಪೆಯಲ್ಲ’ ಎಂದು ತೋರಿಸಲು ಹೂಡಿದ ಪ್ರಯೋಗ. ಇಂಥವುಗಳಲ್ಲಿ ಎಷ್ಟು ವ್ಯತ್ಯಾಸವನ್ನು ಸಹಿಸಬಹುದು ಎಂದು ಮೊದಲೇ ಗೆರೆ ಎಳೆಯುತ್ತಾರೆ. ಇಲ್ಲಿ ಗೆರೆ 7.5 ಶೇಕಡಾಂಶ. ಮಾತ್ರೆಯ ಗುಂಪು ಕೆಟ್ಟದಾಗಿರಬಹುದಾದ ಗರಿಷ್ಠ ಅಂದಾಜು, 95% ವಿಶ್ವಾಸ ಮಿತಿಯಲ್ಲಿ, 2.9ಕ್ಕೆ ನಿಂತಿತು. ಗೆರೆಗಿಂತ ಬಹಳ ಈಚೆಗೆ. ಹೀಗಾಗಿ ತೀರ್ಮಾನ ಗಟ್ಟಿ. ಯಾರಿಗೆ ಯಾವ ಔಷಧಿ ಎಂಬುದು ರೋಗಿಗೂ ವೈದ್ಯರಿಗೂ ತಿಳಿದಿತ್ತು ಎಂಬ ಆಕ್ಷೇಪವಿದೆ. ಆದರೆ ಸೋಲು ಗೆಲುವನ್ನು ತೀರ್ಮಾನಿಸಿದ ಸಮಿತಿಗೆ ಅದು ತಿಳಿದಿರಲಿಲ್ಲ. ಆ ಆಕ್ಷೇಪಕ್ಕೆ ನಾನು ಹೆಚ್ಚಿನ ತೂಕ ಕೊಡುವುದಿಲ್ಲ.

ಹೆಚ್ಚು ತೂಕ ಕೊಡಬೇಕಾದ ಮೂರು ಸಂಗತಿಗಳು ಬೇರೆ ಇವೆ. ಮೊದಲನೆಯದು, ಒವಿವಾ ಔಷಧಿಯ ಅವಧಿಯನ್ನು ಕಡಿಮೆ ಮಾಡಲಿಲ್ಲ. ಆರು ವಾರದ ನಂತರವೂ ಔಷಧಿ ಮುಂದುವರಿಸಲು ಅವಕಾಶವಿತ್ತು. ಒಟ್ಟು ದಿನಗಳ ಮಧ್ಯಾಂಕ ಒಂದು ಗುಂಪಿನಲ್ಲಿ 78, ಇನ್ನೊಂದರಲ್ಲಿ 71. ಎರಡನೆಯದು, ಅದು ಶಸ್ತ್ರಚಿಕಿತ್ಸೆಯ ಬದಲು ಮಾತ್ರೆ ಕೊಟ್ಟ ಪ್ರಯೋಗವಲ್ಲ. ಕೀವು ತೆಗೆದು, ಸತ್ತ ಮೂಳೆ ಕೆರೆದು ಆದ ಮೇಲೆ ಪ್ರಶ್ನೆ ಎದ್ದವರೇ ಅದರಲ್ಲಿ ಹೆಚ್ಚು. ಮೂರನೆಯದು, ಯಾವ ಮಾತ್ರೆ ಎಂಬುದನ್ನು ಸೋಂಕುರೋಗ ತಜ್ಞರು ಒಬ್ಬೊಬ್ಬ ರೋಗಿಗೂ ಬೇರೆಯಾಗಿ ಆರಿಸಿದರು. ರಕ್ತದಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಇದ್ದವರು, ಹೃದಯದ ಕವಾಟಕ್ಕೆ ಸೋಂಕು ತಗುಲಿದವರು, ಕ್ಷಯದ ಜಾತಿಯ ರೋಗಾಣು ಅಥವಾ ಶಿಲೀಂಧ್ರದ ಸೋಂಕಿನವರು ಪ್ರಯೋಗದಿಂದ ಹೊರಗಿದ್ದರು.

ಅವಧಿಯ ಪ್ರಶ್ನೆಗೆ ಉತ್ತರ ಫ್ರಾನ್ಸಿನಿಂದ ಬಂತು, ಅದೂ ಎರಡು ಬಗೆಯಾಗಿ. ಈ ಕ್ಷೇತ್ರದಲ್ಲಿ ಇಷ್ಟು ಕಲಿಸುವ ಜೋಡಿ ಅಧ್ಯಯನ ಇನ್ನೊಂದನ್ನು ನಾನು ಕಂಡಿಲ್ಲ. ಲೂಯಿ ಬರ್ನಾರ್ ಮತ್ತು ಸಂಗಡಿಗರು ಮೊದಲು ಬೆನ್ನುಮೂಳೆಯ ಕೀವಿನ ಸೋಂಕಿಗೆ ಆರು ವಾರ ಸಾಕೋ ಹನ್ನೆರಡು ಬೇಕೋ ಎಂದು ಪರೀಕ್ಷಿಸಿದರು. 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಹೀಗಿದೆ: ಆರು ವಾರದ ಗುಂಪಿನಲ್ಲಿ 176ರಲ್ಲಿ 160 ಮಂದಿ ಗುಣವಾದರು, ಹನ್ನೆರಡು ವಾರದ ಗುಂಪಿನಲ್ಲಿ 175ರಲ್ಲಿ 159. ಎರಡೂ ಕಡೆ ಶೇ. 90.9. ಅದೇ ಬರ್ನಾರ್ ಅದೇ ಪ್ರಶ್ನೆಯನ್ನು ಕೃತಕ ಮಂಡಿ ಮತ್ತು ಸೊಂಟದ ಕೀಲುಗಳ ಸೋಂಕಿಗೆ ಕೇಳಿದರು. 28 ಕೇಂದ್ರಗಳು, 410 ರೋಗಿಗಳು. 2021ರ ವರದಿಯಲ್ಲಿ ಉತ್ತರ ತಿರುಗಿಬಿದ್ದಿತ್ತು. ಸೋಂಕು ಉಳಿದದ್ದು ಆರು ವಾರದ ಗುಂಪಿನಲ್ಲಿ 193ರಲ್ಲಿ 35 ಮಂದಿಗೆ, ಹನ್ನೆರಡು ವಾರದ ಗುಂಪಿನಲ್ಲಿ 191ರಲ್ಲಿ 18 ಮಂದಿಗೆ. ಶೇ. 18.1 ಮತ್ತು 9.4. ಇಮ್ಮಡಿಯ ಹತ್ತಿರ. ಕೃತಕ ಕೀಲನ್ನು ಒಳಗೇ ಉಳಿಸಿಕೊಂಡು ಸುತ್ತಲಿನದನ್ನು ಮಾತ್ರ ತೊಳೆದು ಶುಚಿ ಮಾಡಿದವರಲ್ಲಿ ಅಂತರ ಇನ್ನೂ ದೊಡ್ಡದು: 30.7 ಮತ್ತು 14.5.

ಒಬ್ಬರೇ ಸಂಶೋಧಕರು, ಒಂದೇ ದೇಶ, ಅದೇ ಆರು ಮತ್ತು ಹನ್ನೆರಡು ವಾರ. ಬದಲಾದದ್ದು ಮುಖ್ಯವಾಗಿ ಒಂದು: ಒಳಗೆ ಲೋಹವಿದೆಯೇ ಇಲ್ಲವೇ ಎಂಬುದು. ಪರವಸ್ತು ಇದ್ದ ಕಡೆ ರೋಗಾಣುವಿನ ಶಕ್ತಿ ಎಷ್ಟು ಹೆಚ್ಚುತ್ತದೆ ಎಂಬುದನ್ನು 1957ರಲ್ಲೇ ಲಂಡನ್ನಿನ ಎಲೆಕ್ ಮತ್ತು ಕೋನೆನ್ ಸ್ವಯಂಸೇವಕರ ಚರ್ಮದಲ್ಲಿ ತೋರಿಸಿದ್ದರು. ಬರಿಯ ಚರ್ಮದಲ್ಲಿ ಕೀವಾಗಲು ಲಕ್ಷಾಂತರ ಸ್ಟ್ಯಾಫಿಲೋಕಾಕಸ್‌ಗಳು ಬೇಕಾದರೆ, ಒಂದು ರೇಷ್ಮೆ ಹೊಲಿಗೆ ಹಾಕಿದ ಕಡೆ ಕೆಲವು ನೂರು ಸಾಕಾದವು. ಲೋಹದ ಮೇಲೆ ರೋಗಾಣುಗಳು ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ಕೆರೆಯ ಮೆಟ್ಟಿಲ ಮೇಲಿನ ಪಾಚಿಯನ್ನು ನೆನೆಸಿಕೊಂಡರೆ ಸಾಕು; ನೀರು ಸುರಿದರೆ ಅದು ಹೋಗುವುದಿಲ್ಲ. ಪೊರೆಯೊಳಗೆ ನಿಧಾನವಾಗಿ ಬದುಕುವ ರೋಗಾಣುವಿನ ಮೇಲೆ ಹೆಚ್ಚಿನ ಔಷಧಿಗಳು ಸೋಲುತ್ತವೆ.

ಆದ್ದರಿಂದ ‘ಮೂಳೆ ಸೋಂಕಿಗೆ ಎಷ್ಟು ವಾರ?’ ಎಂಬ ಪ್ರಶ್ನೆಯೇ ಅಪೂರ್ಣ. ಯಾವ ಮೂಳೆ, ಒಳಗೆ ರಾಡು ಪ್ಲೇಟು ಇದೆಯೇ, ಅದನ್ನು ತೆಗೆದಿದ್ದಾರೆಯೇ, ರೋಗಾಣು ಯಾವುದು ಎಂದು ಕೇಳಿದ ಮೇಲಷ್ಟೇ ಅದು ಪ್ರಶ್ನೆಯಾಗುತ್ತದೆ. ಕೊನೆಯ ಅಂಶವನ್ನು ನಾನು ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ. ಬೆನ್ನುಮೂಳೆಯ ಫ್ರೆಂಚ್ ಪ್ರಯೋಗಕ್ಕೆ ರೋಗಾಣು ಖಚಿತವಾಗಿ ಪತ್ತೆಯಾದವರನ್ನು ಮಾತ್ರ ಸೇರಿಸಿಕೊಂಡಿದ್ದರು. ಅದರ ಶೇ. 90.9ನ್ನು ಕಲ್ಚರ್ ಕಳಿಸದ ರೋಗಿಗೆ ಅನ್ವಯಿಸುವಂತಿಲ್ಲ.

ಪತ್ತೆಯ ಬಗ್ಗೆ ಎರಡು ಅಧ್ಯಯನಗಳನ್ನು ಹೇಳಲೇಬೇಕು. ಆಕ್ಸ್‌ಫರ್ಡಿನ ಬ್ರಿಜೆಟ್ ಆಟ್ಕಿನ್ಸ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದು: ಕೃತಕ ಕೀಲನ್ನು ಮತ್ತೆ ತೆರೆದಾಗ ಒಂದೇ ತುಣುಕು ಕಳಿಸಿದರೆ ಅದರಲ್ಲಿ ಬೆಳೆದದ್ದು ನಿಜವಾದ ರೋಗಾಣುವೋ ಚರ್ಮದಿಂದ ಸೇರಿದ್ದೋ ತಿಳಿಯುವುದಿಲ್ಲ, ಐದಾರು ತುಣುಕುಗಳನ್ನು ಬೇರೆ ಬೇರೆಯಾಗಿ ಕಳಿಸಬೇಕು, ಒಂದೇ ರೋಗಾಣು ಕನಿಷ್ಠ ಮೂರು ತುಣುಕುಗಳಲ್ಲಿ ಬರಬೇಕು. ಮೇಯೋ ಕ್ಲಿನಿಕ್‌ನಲ್ಲಿ ಟ್ರಾಂಪುಜ್ ಮತ್ತು ಸಂಗಡಿಗರು 331 ರೋಗಿಗಳಿಂದ ಹೊರತೆಗೆದ ಕೀಲುಗಳನ್ನು ಶ್ರವಣಾತೀತ ತರಂಗದಿಂದ ಅಲುಗಾಡಿಸಿ, ಉದುರಿದ ಪೊರೆಯನ್ನು ಕಲ್ಚರ್ ಮಾಡಿದರು. 2007ರ ಆ ವರದಿಯಲ್ಲಿ ಸೋಂಕನ್ನು ಹಿಡಿಯುವ ಸಾಮರ್ಥ್ಯ ಮಾಮೂಲು ತುಣುಕಿನ ಕಲ್ಚರಿಗೆ ಶೇ. 60.8, ಈ ವಿಧಾನಕ್ಕೆ 78.5. ನನ್ನ ಕಣ್ಣಿಗೆ ಬಿದ್ದ ಸಂಖ್ಯೆ ಅದಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಹದಿನಾಲ್ಕು ದಿನದೊಳಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದವರಲ್ಲಿ ತುಣುಕಿನ ಕಲ್ಚರ್ ಶೇ. 45ಕ್ಕೆ ಕುಸಿದಿತ್ತು. ಸೋಂಕು ಇದ್ದವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕೈಗೆ ಸಿಗದೆ ಹೋಯಿತು. ತರಂಗದ ಯಂತ್ರ ಎಲ್ಲ ಆಸ್ಪತ್ರೆಗಳಲ್ಲೂ ಇರಲಾರದು. ಮಾದರಿ ತೆಗೆಯುವವರೆಗೆ ಔಷಧಿ ತಡೆಹಿಡಿಯಲು ಯಂತ್ರ ಬೇಕಿಲ್ಲ.

ಕರ್ನಾಟಕದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಅರ್ಥವಿದೆ, ಏಕೆಂದರೆ ನಮ್ಮ ಮೂಳೆ ಕೀಲುಗಳಿಗೆ ಇಳಿಯುವ ರೋಗಾಣುಗಳಲ್ಲಿ ಕೆಲವು ಬ್ರಿಟನ್ನಿನ ಪ್ರಯೋಗಕ್ಕೆ ಹೊರಗಿನವು. ವಿಜಯಪುರ ಸೀಮೆಯಲ್ಲಿ ಬ್ರುಸೆಲ್ಲಾ ಸೋಂಕನ್ನು ಬಿ. ಜಿ. ಮಂಟೂರ ಅವರು ವರ್ಷಗಟ್ಟಲೆ ದಾಖಲಿಸಿದ್ದಾರೆ. ಕುರಿ, ಮೇಕೆ, ದನಗಳಿಂದ ಮತ್ತು ಕಾಯಿಸದ ಹಾಲಿನಿಂದ ಬರುವ ಈ ರೋಗ ಕೀಲು ಮತ್ತು ಬೆನ್ನುಮೂಳೆಯನ್ನು ಹಿಡಿಯುವುದು ಸಾಮಾನ್ಯ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟನೋವು ಎಂದು ಬಂದ ಕುರಿಗಾಹಿಯನ್ನು ಕ್ಷಯದ ರೋಗಿ ಎಂದು ತಿಳಿಯುವುದು ಸುಲಭ. ಎರಡಕ್ಕೂ ರಿಫಾಂಪಿಸಿನ್ ಬಳಸುವುದರಿಂದ ಮೊದಮೊದಲು ಒಂದಿಷ್ಟು ಸುಧಾರಣೆಯೂ ಕಾಣಬಹುದು. ಆದರೆ ಬ್ರುಸೆಲ್ಲಾಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಒಳಗೊಂಡ ಜೋಡಿ ಔಷಧಿ. ಬೆನ್ನುಮೂಳೆಗೆ ಇಳಿದಿದ್ದರೆ ಮೂರು ತಿಂಗಳಾದರೂ. ಬೆನ್ನುಮೂಳೆಯ ಕ್ಷಯಕ್ಕೆ ಭಾರತದ ಮಾರ್ಗಸೂಚಿ ಹೇಳುವುದು ಕನಿಷ್ಠ ಹನ್ನೆರಡು ತಿಂಗಳ ಬೇರೆಯೇ ಚಿಕಿತ್ಸೆ.

ಕರಾವಳಿಯದು ಮೆಲಿಯಾಯ್ಡೋಸಿಸ್. ಮಣ್ಣು ಮತ್ತು ನೀರಿನಲ್ಲಿ ಬದುಕುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ ಮಳೆಗಾಲದಲ್ಲಿ, ಹೆಚ್ಚಾಗಿ ಸಕ್ಕರೆ ಕಾಯಿಲೆ ಇದ್ದವರನ್ನು ಹಿಡಿಯುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡದ ರೋಗಿಗಳನ್ನು ಕುರಿತು ಮಣಿಪಾಲದಿಂದ ಹಲವು ಪ್ರಬಂಧಗಳು ಬಂದಿವೆ. ಕೀಲಿನೊಳಗೆ, ಮೂಳೆಯೊಳಗೆ ಇದು ಕೀವು ಕಟ್ಟುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಸೂಡೋಮೊನಾಸ್ ಎಂದೋ ಹೊರಗಿನಿಂದ ಸೇರಿದ್ದೆಂದೋ ತಳ್ಳಿಬಿಡುವ ಸಂಭವ ಹೆಚ್ಚು. ಈ ಒಂದು ರೋಗದಲ್ಲಿ ರಕ್ತನಾಳದ ದಾರಿ ಇನ್ನೂ ಬಿಡುವಂತಿಲ್ಲ: ಮೂಳೆಗೆ ಇಳಿದಿದ್ದರೆ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಆರು ವಾರ, ಆಮೇಲೆ ಬಾಯಿಯಿಂದ ಕೊಟ್ರೈಮಾಕ್ಸಜೋಲ್ ತಿಂಗಳುಗಟ್ಟಲೆ. ಒವಿವಾವನ್ನು ಓದಿ ಈ ರೋಗಿಯನ್ನು ಮೊದಲ ವಾರವೇ ಮಾತ್ರೆಗೆ ಬದಲಾಯಿಸಿದರೆ ಜೀವಕ್ಕೆ ಅಪಾಯ.

ಮಾತ್ರೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಒವಿವಾದಲ್ಲಿ ಬಾಯಿಯಿಂದ ಅತಿ ಹೆಚ್ಚು ಕೊಟ್ಟದ್ದು ಸಿಪ್ರೋಫ್ಲಾಕ್ಸಸಿನ್ ಜಾತಿಯ ಕ್ವಿನೊಲೋನ್‌ಗಳನ್ನು. ನಮ್ಮಲ್ಲಿ ಇವುಗಳಿಗೆ ಬಗ್ಗದ ರೋಗಾಣುಗಳು ಹೇರಳ. ಅದಕ್ಕಿಂತ ಕೆಟ್ಟದ್ದು, ಈ ಔಷಧಿಗಳು ಕ್ಷಯವನ್ನು ಅರ್ಧ ಅದುಮಿ, ಪತ್ತೆಯನ್ನು ಮುಂದೂಡುತ್ತವೆ.

ಮಾತ್ರೆಯ ದಾರಿ ನಮ್ಮ ರೋಗಿಗೆ ವರ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆರು ವಾರ ದುಡಿಮೆ ಬಿಟ್ಟು ಜಿಲ್ಲಾ ಕೇಂದ್ರದಲ್ಲಿ ಉಳಿಯುವುದು, ಜೊತೆಗೊಬ್ಬರು ಕಾಯುವುದು ಎಂದರೆ ಕೂಲಿಯವರ ಮನೆಗೆ ಒಂದು ಬೆಳೆಯೇ ಹೋದಂತೆ. ಅದನ್ನು ತಪ್ಪಿಸುವ ಪುರಾವೆ ಈಗ ಇದೆ. ಆದರೆ ಆ ಪುರಾವೆ ಬಾಗಿಲು ತೆರೆಯುವುದು ರೋಗಾಣುವಿನ ಹೆಸರು ತಿಳಿದವರಿಗೆ.

ಆದ್ದರಿಂದ ವೈದ್ಯ ಮಿತ್ರರಲ್ಲಿ ವಿನಂತಿ: ಜ್ವರ ಏರಿ ರಕ್ತದೊತ್ತಡ ಕುಸಿಯುತ್ತಿರುವ ರೋಗಿಯಲ್ಲಿ ಕಾಯಬೇಡಿ, ಕೀಲು ಊದಿದ್ದರೆ ಆಗಲೇ ಸೂಜಿ ಹಾಕಿ ನೀರು ತೆಗೆದು, ಔಷಧಿ ಶುರು ಮಾಡಿ. ಉಳಿದ ಎಲ್ಲರಲ್ಲೂ ಮೊದಲು ಮಾದರಿ, ಆಮೇಲೆ ಆಂಟಿಬಯಾಟಿಕ್. ಮೂಳೆಯ ತುಣುಕುಗಳನ್ನು ಐದಾರು ಬೇರೆ ಬೇರೆ ಡಬ್ಬಿಗಳಲ್ಲಿ ಕಳಿಸಿ, ಒಂದನ್ನು ಕ್ಷಯದ ಪರೀಕ್ಷೆಗೆ ಇಡಿ. ಬ್ರುಸೆಲ್ಲಾ ಅಥವಾ ಮೆಲಿಯಾಯ್ಡೋಸಿಸ್ ಅನುಮಾನವಿದ್ದರೆ ಚೀಟಿಯ ಮೇಲೆ ಬರೆಯಿರಿ. ಆ ಎರಡೂ ರೋಗಾಣುಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೇ ತಗುಲಬಲ್ಲವು. ನಿಧಾನವಾಗಿ ಬೆಳೆಯುವವು ಇರುವುದರಿಂದ ಕಲ್ಚರನ್ನು ಹದಿನಾಲ್ಕು ದಿನ ಇಡಲು ಹೇಳಿ.