ವಿದ್ಯಾರ್ಥಿಗಳಿಂದ ಸಂಗೀತ ವಿಡಿಯೋ ತಯಾರಿಕೆ: ಯೋಜನೆ, ಚಿತ್ರೀಕರಣ ಮತ್ತು ಮೌಲ್ಯಮಾಪನ
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಶಾಲಾ-ಕಾಲೇಜುಗಳು, ವಿದ್ಯಾರ್ಥಿಗಳು ಹಾಗೂ ಪಾಲಕರ ಮಾಹಿತಿಗಾಗಿ)

1. ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಭಾಗವಾದ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ವೀರಗಾಸೆ, ಡೊಳ್ಳು ಕುಣಿತ, ಸೋಬಾನೆ ಪದ, ಲಂಬಾಣಿ ಹಾಡು ಮುಂತಾದ ಕಲೆಗಳು ಇಂದಿಗೂ ಬಳಕೆಯಲ್ಲಿವೆ. ಮೈಸೂರು ಆಸ್ಥಾನದ ನೃತ್ಯ ಪರಂಪರೆಯ ಹಿರಿಯ ಕಲಾವಿದೆ, 1992ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದ ಡಾ. ಕೆ. ವೆಂಕಟಲಕ್ಷಮ್ಮನವರು (1906-2002) ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಜನಿಸಿದವರಾಗಿರುತ್ತಾರೆ.

ಧ್ವನಿಮುದ್ರಣ, ಚಿತ್ರೀಕರಣ ಮತ್ತು ಸಂಕಲನ ಈ ಮೂರೂ ಕೆಲಸಗಳನ್ನು ಇಂದು ಒಂದು ಮೊಬೈಲ್ ಫೋನ್ ಹಾಗೂ ಶಾಲೆಯ ಗಣಕಯಂತ್ರದಿಂದಲೇ ನಿರ್ವಹಿಸಬಹುದಾಗಿದೆ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಕಲಾ ಉತ್ಸವವು ಕೋವಿಡ್ ಕಾರಣದಿಂದ 2020ನೇ ಸಾಲಿನಲ್ಲಿ ಆನ್‌ಲೈನ್ ಮೂಲಕ ನಡೆದ ತರುವಾಯ, ವಿದ್ಯಾರ್ಥಿಗಳ ಕಲೆಯನ್ನು ವಿಡಿಯೋ ರೂಪದಲ್ಲಿ ಸಿದ್ಧಪಡಿಸುವ ರೂಢಿಯು ಶಾಲೆಗಳಿಗೆ ಪರಿಚಿತವಾಗಿದೆ.

ಆದರೆ ಉಪಕರಣ ಸುಲಭವಾದ ಮಾತ್ರಕ್ಕೆ ಕೆಲಸ ಸುಲಭವಾಗುವುದಿಲ್ಲ. ಗೀತೆಯ ಹಕ್ಕು, ಕಲಾವಿದರ ಸಮ್ಮತಿ ಮತ್ತು ಸ್ಥಳದ ಅನುಮತಿಯನ್ನು ಮೊದಲೇ ಪಡೆಯದಿದ್ದಲ್ಲಿ, ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಶ್ರಮಿಸಿ ತಯಾರಿಸಿದ ವಿಡಿಯೋವನ್ನು ಶಾಲೆಯ ಗೋಡೆಯಾಚೆಗೆ ತೋರಿಸಲು ಸಾಧ್ಯವಾಗದೇ ಹೋಗಬಹುದು. ಆದ್ದರಿಂದ ಅನುಮತಿಯು ಮೊದಲು, ಧ್ವನಿಯು ಎರಡನೆಯದು, ಚಿತ್ರವು ಮೂರನೆಯದು ಎಂಬ ಕ್ರಮವನ್ನು ಪಾಲಿಸುವುದು ಸೂಕ್ತ.

2. ಗೀತೆಯ ಆಯ್ಕೆ ಮತ್ತು ಕೃತಿಸ್ವಾಮ್ಯ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಒಂದು ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ ಮತ್ತು ಧ್ವನಿಮುದ್ರಿಕೆ ಎಂಬ ಮೂರು ಪ್ರತ್ಯೇಕ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಮರಣಾನಂತರದ 60 ವರ್ಷಗಳವರೆಗೆ, ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರದ 60 ವರ್ಷಗಳವರೆಗೆ ಜಾರಿಯಲ್ಲಿರುತ್ತದೆ. ಉದಾಹರಣೆಗಳು ಈ ಕೆಳಕಂಡಂತಿವೆ:

(ಅ) ಹನ್ನೆರಡನೆಯ ಶತಮಾನದ ವಚನಗಳು, ದಾಸರ ಪದಗಳು ಹಾಗೂ ಶಿಶುನಾಳ ಷರೀಫರ (1819-1889) ತತ್ವಪದಗಳ ಸಾಹಿತ್ಯಕ್ಕೆ ಕೃತಿಸ್ವಾಮ್ಯವಿರುವುದಿಲ್ಲ.

(ಆ) ಆದರೆ ಷರೀಫರ ಪದಗಳಿಗೆ ಸಿ. ಅಶ್ವಥ್ ಅವರು ಅಳವಡಿಸಿದ ರಾಗಸಂಯೋಜನೆಗಳು ಸ್ವತಂತ್ರ ಸಂಗೀತ ಕೃತಿಗಳು. ಅವರು 2009ರಲ್ಲಿ ನಿಧನರಾದ ಕಾರಣ ಆ ಹಕ್ಕು 2069ರ ಅಂತ್ಯದವರೆಗೆ ಇರುತ್ತದೆ. ವಿದ್ಯಾರ್ಥಿಗಳು ಅದೇ ಪದವನ್ನು ಊರಿನ ಭಜನಾ ಮಂಡಳಿಯಲ್ಲಿ ರೂಢಿಯಿಂದ ಬಂದ ಮಟ್ಟಿನಲ್ಲಿ ಹಾಡಿದರೆ ಅಥವಾ ಹೊಸ ಮಟ್ಟು ಹಾಕಿದರೆ ಈ ತೊಡಕು ಬರುವುದಿಲ್ಲ.

(ಇ) ದ.ರಾ. ಬೇಂದ್ರೆಯವರ (ನಿಧನ 1981) ಸಾಹಿತ್ಯದ ಹಕ್ಕು 2041ರ ಅಂತ್ಯದವರೆಗೆ ಹಾಗೂ ಕುವೆಂಪುರವರ (ನಿಧನ 1994) ಸಾಹಿತ್ಯದ ಹಕ್ಕು 2054ರ ಅಂತ್ಯದವರೆಗೆ ಇರುತ್ತದೆ. ಇವುಗಳ ಬಳಕೆಗೆ ಹಕ್ಕುದಾರರ ಲಿಖಿತ ಅನುಮತಿ ಅಗತ್ಯ.

(ಈ) ಕರ್ತೃ ತಿಳಿಯದೆ ಬಾಯಿಂದ ಬಾಯಿಗೆ ಬಂದ ಬೀಸುವ ಪದ, ಸೋಬಾನೆ ಪದಗಳು ವಿದ್ಯಾರ್ಥಿಗಳಿಗೆ ಅತ್ಯಂತ ಅನುಕೂಲಕರ. ಇಲ್ಲಿಯೂ ಹಾಡಿದವರ ಹಕ್ಕು ಇದ್ದೇ ಇರುತ್ತದೆ (ಕಂಡಿಕೆ 3 ನೋಡಿ).

ಅಧಿನಿಯಮದ ಕಲಂ 52ರ ಮೇರೆಗೆ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಗೀತೆಯನ್ನು ಪ್ರದರ್ಶಿಸಲು ವಿನಾಯಿತಿ ಇರುತ್ತದೆ. ಸದರಿ ವಿನಾಯಿತಿಯು ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಹಾಗೂ ಸಂಸ್ಥೆಯೊಡನೆ ಸಂಬಂಧವುಳ್ಳವರಿಗೆ ಸೀಮಿತವಾಗಿರುವ ಸಂದರ್ಭಕ್ಕೆ ಉದ್ದೇಶಿಸಿದ್ದು, ಅಂತರ್ಜಾಲದಲ್ಲಿ ಸಾರ್ವಜನಿಕರಿಗಾಗಿ ಪ್ರಕಟಿಸುವುದಕ್ಕೆ ಅನ್ವಯಿಸುತ್ತದೆಂದು ಭಾವಿಸತಕ್ಕದ್ದಲ್ಲ.

3. ಕಲಾವಿದರ ಹಾಗೂ ಪಾಲಕರ ಸಮ್ಮತಿ

ಹಾಡುವವರು, ನುಡಿಸುವವರು ಮತ್ತು ಕುಣಿಯುವವರಿಗೆ ಅವರ ಪ್ರದರ್ಶನದ ಮೇಲೆ 50 ವರ್ಷಗಳ ಅವಧಿಯ ಹಕ್ಕನ್ನು ಕಲಂ 38 ನೀಡುತ್ತದೆ. ವೀರಗಾಸೆಯ ಹಿರಿಯ ಕಲಾವಿದರಿಗೂ ಸೋಬಾನೆ ಹಾಡುವ ಅಜ್ಜಿಯವರಿಗೂ ಇದು ಸಮಾನವಾಗಿ ಅನ್ವಯವಾಗುತ್ತದೆ. ಕೇವಲ ಬೋಧನೆ ಅಥವಾ ಸಂಶೋಧನೆಗಾಗಿ ಮಾಡುವ ಮುದ್ರಣಕ್ಕೆ ಕಲಂ 39ರಲ್ಲಿ ವಿನಾಯಿತಿ ಇದೆ. ಹೊರಗೆ ಪ್ರಕಟಿಸುವುದಾದರೆ ಲಿಖಿತ ಸಮ್ಮತಿ ಪಡೆಯತಕ್ಕದ್ದು. ಸಮ್ಮತಿ ನೀಡಿದ ನಂತರವೂ ವಾಣಿಜ್ಯ ಬಳಕೆಯಾದಲ್ಲಿ ಗೌರವಧನ ಪಡೆಯುವ ಹಕ್ಕು, ತಮ್ಮ ಹೆಸರನ್ನು ನಮೂದಿಸುವಂತೆ ಕೇಳುವ ಹಕ್ಕು ಹಾಗೂ ಕೀರ್ತಿಗೆ ಕುಂದು ತರುವಂತೆ ಪ್ರದರ್ಶನವನ್ನು ತಿರುಚಿದಲ್ಲಿ ಆಕ್ಷೇಪಿಸುವ ಹಕ್ಕು ಕಲಾವಿದರಿಗೆ ಉಳಿದಿರುತ್ತದೆ.

ಸಮ್ಮತಿ ಪತ್ರದಲ್ಲಿ ಇರಬೇಕಾದ ಅಂಶಗಳು:
• ಕಲಾವಿದರ ಪೂರ್ಣ ಹೆಸರು, ಊರು ಹಾಗೂ ಅವರು ಬಯಸುವಂತೆ ಪರದೆಯ ಮೇಲೆ ಕಾಣಿಸಬೇಕಾದ ಹೆಸರು.
• ಮುದ್ರಣದ ದಿನಾಂಕ, ಸ್ಥಳ ಮತ್ತು ಗೀತೆಯ ವಿವರ.
• ಬಳಕೆಯ ಮಿತಿ: ತರಗತಿ, ಶಾಲಾ ವಾರ್ಷಿಕೋತ್ಸವ, ಸ್ಪರ್ಧೆ, ಅಂತರ್ಜಾಲ (ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತು).
• ಸಂಭಾವನೆ ಅಥವಾ ಪ್ರಯಾಣ ವೆಚ್ಚ ನೀಡುವುದಾದಲ್ಲಿ ಅದರ ಮೊತ್ತ.
• ಚಿತ್ರೀಕರಿಸಬಾರದ ಭಾಗಗಳು, ಯಾವುದಾದರೂ ಇದ್ದಲ್ಲಿ.

ಓದು ಬಾರದ ಕಲಾವಿದರಿಗೆ ಪತ್ರವನ್ನು ಅವರ ಮನೆಯವರ ಸಮ್ಮುಖದಲ್ಲಿ ಓದಿ ಹೇಳಿ, ತದನಂತರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಲಂಬಾಣಿ ಹಾಡಾದಲ್ಲಿ ಆ ಭಾಷೆ ಬಲ್ಲ ವಿದ್ಯಾರ್ಥಿಯು ಪತ್ರದ ಒಕ್ಕಣೆಯನ್ನು ವಿವರಿಸಬಹುದು.

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ವೀರಗಾಸೆಯು ದಕ್ಷಯಜ್ಞದ ಕಥೆಗೆ ಸಂಬಂಧಿಸಿದ ಆರಾಧನಾ ಕಲೆ. ಶಸ್ತ್ರ ಹಾಕಿಕೊಳ್ಳುವ ವಿಧಿಯನ್ನು ಹತ್ತಿರದಿಂದ ಚಿತ್ರೀಕರಿಸಬಹುದೇ ಎಂಬುದನ್ನು ಕಲಾವಿದರೇ ನಿರ್ಧರಿಸತಕ್ಕದ್ದು. ವಿದ್ಯಾರ್ಥಿಗಳು ಯಾವುದೇ ಕಾರಣಕ್ಕೂ ಅದನ್ನು ಅನುಕರಿಸಕೂಡದು.

18 ವರ್ಷ ತುಂಬದ ವಿದ್ಯಾರ್ಥಿಗಳು ವಿಡಿಯೋದಲ್ಲಿ ಕಾಣಿಸಿಕೊಳ್ಳುವುದಾದರೆ ಪಾಲಕರ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಸಹ ಮಕ್ಕಳ ದತ್ತಾಂಶಕ್ಕೆ ಪಾಲಕರ ಸಮ್ಮತಿಯನ್ನು ವಿಧಿಸುತ್ತದೆ. ಮಗುವಿನ ಹೆಸರು, ಶಾಲೆ ಮತ್ತು ವಾಸಸ್ಥಳ ಮೂರನ್ನೂ ಒಟ್ಟಿಗೆ ಪ್ರಕಟಿಸದಿರುವುದು ಸುರಕ್ಷಿತ.

4. ಚಿತ್ರೀಕರಣ ಸ್ಥಳಗಳು ಮತ್ತು ಅನುಮತಿ

• ಅಮೃತಪುರದ ಅಮೃತೇಶ್ವರ ದೇವಾಲಯ (ತರೀಕೆರೆ ತಾಲ್ಲೂಕು): 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ನಿರ್ಮಿತವಾದ, ಕವಿ ಜನ್ನನ ಶಾಸನವಿರುವ ಈ ದೇವಾಲಯವು ಕೇಂದ್ರ ಸಂರಕ್ಷಿತ ಸ್ಮಾರಕವಾಗಿದೆ. ಸ್ಟ್ಯಾಂಡ್, ದೀಪ ಮುಂತಾದ ಸಲಕರಣೆಗಳೊಂದಿಗೆ ಚಿತ್ರೀಕರಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಪಡೆಯಬೇಕು.
• ಭದ್ರಾ ಅಭಯಾರಣ್ಯ: ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಕಲಂ 28ರಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ. ಅರ್ಜಿಯ ಬಗ್ಗೆ ಸ್ಥಳೀಯ ಅರಣ್ಯ ಕಛೇರಿಯಲ್ಲಿ ವಿಚಾರಿಸಬಹುದು.
• ಲಕ್ಕವಳ್ಳಿಯ ಭದ್ರಾ ಅಣೆಕಟ್ಟು: ಜಲಾಶಯದ ನಿರ್ವಹಣಾಧಿಕಾರಿಗಳ ಅನುಮತಿ.
• ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ: ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಅನುಮತಿ.
• ಕಡೂರು ಮತ್ತು ಬೀರೂರು ರೈಲು ನಿಲ್ದಾಣಗಳು: ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಅನುಮತಿ. ಹಳಿಗಳ ಮೇಲೆ ಚಿತ್ರೀಕರಣ ಸರ್ವಥಾ ಸಲ್ಲದು.
• ಖಾಸಗಿ ತೋಟ, ಕಣ, ಮನೆಯಂಗಳ: ಮಾಲೀಕರ ಲಿಖಿತ ಒಪ್ಪಿಗೆ.

ಅರ್ಜಿಯನ್ನು ಸಂಸ್ಥೆಯ ಮುಖ್ಯಸ್ಥರ ಸಹಿಯೊಂದಿಗೆ ಸಲ್ಲಿಸತಕ್ಕದ್ದು. ದಿನಾಂಕ, ವೇಳೆ, ವಿದ್ಯಾರ್ಥಿಗಳ ಸಂಖ್ಯೆ, ಉಪಕರಣಗಳ ಪಟ್ಟಿ, ಜೊತೆಗಿರುವ ಶಿಕ್ಷಕರ ವಿವರ ಹಾಗೂ ಬಳಕೆಯು ವಾಣಿಜ್ಯೇತರ ಎಂಬ ಘೋಷಣೆಯನ್ನು ಲಗತ್ತಿಸಬೇಕು. ಅನುಮತಿ ವಿಳಂಬವಾಗುವ ಸಂಭವವಿದ್ದಲ್ಲಿ ಶಾಲೆಯ ಮೈದಾನ ಅಥವಾ ಊರಿನ ಕಟ್ಟೆಯನ್ನು ಪರ್ಯಾಯ ಸ್ಥಳವಾಗಿ ಮೊದಲೇ ಗುರುತಿಸಿಟ್ಟುಕೊಳ್ಳಬೇಕು.

5. ಯೋಜನೆ

ಮೊದಲು ಗೀತೆಯನ್ನು ಹಲವು ಬಾರಿ ಆಲಿಸಿ ಪಲ್ಲವಿ, ಚರಣ ಮತ್ತು ವಾದ್ಯಭಾಗಗಳ ಅವಧಿಯನ್ನು ಸೆಕೆಂಡುಗಳಲ್ಲಿ ಬರೆದುಕೊಳ್ಳಬೇಕು. ನಿಮಿಷಕ್ಕೆ 96 ಅಕ್ಷರಗಳ ಗತಿಯಲ್ಲಿ ಆದಿತಾಳದ ಗೀತೆ ಹಾಡಿದರೆ 8 ಅಕ್ಷರಗಳ ಒಂದು ಆವರ್ತಕ್ಕೆ 5 ಸೆಕೆಂಡು ತಗಲುತ್ತದೆ. 3 ನಿಮಿಷದ ಗೀತೆಯಲ್ಲಿ 36 ಆವರ್ತಗಳಾಗುತ್ತವೆ. ದೃಶ್ಯವನ್ನು ಆವರ್ತದ ಮೊದಲ ಪೆಟ್ಟಿಗೆ ಬದಲಿಸಿದರೆ ನೋಟವು ತಾಳಕ್ಕೆ ಹೊಂದುತ್ತದೆ. ಹೀಗೆ ಎಷ್ಟು ಶಾಟ್‌ಗಳು ಬೇಕೆಂಬುದು ಕ್ಯಾಮೆರಾ ತೆರೆಯುವ ಮೊದಲೇ ತಿಳಿಯುತ್ತದೆ.

ತರುವಾಯ ಸ್ಟೋರಿಬೋರ್ಡ್ ಸಿದ್ಧಪಡಿಸಬೇಕು. ಒಂದು ಪುಸ್ತಕದಲ್ಲಿ ಕ್ರಮಸಂಖ್ಯೆ, ಅವಧಿ, ಸ್ಥಳ, ಕಾಣುವುದು, ಕೇಳುವುದು ಮತ್ತು ಹೊಣೆ ಎಂಬ ಆರು ಅಂಕಣಗಳನ್ನು ಎಳೆದು, ಪ್ರತಿ ಶಾಟ್‌ಗೆ ಚಿಕ್ಕ ರೇಖಾಚಿತ್ರ ಬರೆದರೆ ಸಾಕು. ಅಭಿನಯ ಪ್ರಧಾನವಾದ ಗೀತೆಗೆ ಮುಖ ಮತ್ತು ಕೈಗಳ ಸಮೀಪದ ನೋಟ ಹೆಚ್ಚು ಬೇಕು. ವೀರಗಾಸೆ, ಡೊಳ್ಳಿನಂತಹ ಕುಣಿತಕ್ಕೆ ಹೆಜ್ಜೆಯಿಂದ ತಲೆಯವರೆಗೆ ಇಡೀ ತಂಡ ಕಾಣುವ ನೋಟ ಬೇಕು. ಕಾಲು ಕತ್ತರಿಸಿದ ಚಿತ್ರದಲ್ಲಿ ಕುಣಿತ ಉಳಿಯುವುದಿಲ್ಲ.

6. ಧ್ವನಿಮುದ್ರಣ

ಚಿತ್ರದ ದೋಷವನ್ನು ಪ್ರೇಕ್ಷಕರು ಸಹಿಸಿಕೊಳ್ಳಬಹುದು, ಆದರೆ ಅಸ್ಪಷ್ಟ ಧ್ವನಿಯುಳ್ಳ ಸಂಗೀತ ವಿಡಿಯೋ ತನ್ನ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ. ಮುದ್ರಣದಲ್ಲಿ ಎರಡು ವಿಧಾನಗಳಿವೆ.

ಮೊದಲನೆಯದು, ಗೀತೆಯನ್ನು ನಿಶ್ಶಬ್ದ ಕೊಠಡಿಯಲ್ಲಿ ಮೊದಲೇ ಮುದ್ರಿಸಿ, ಚಿತ್ರೀಕರಣದ ವೇಳೆ ಧ್ವನಿವರ್ಧಕದಲ್ಲಿ ಕೇಳಿಸಿ, ಅದಕ್ಕೆ ತುಟಿ ಹೊಂದಿಸುವುದು. ಏಕವ್ಯಕ್ತಿ ಗಾಯನಕ್ಕೆ ಇದು ಸೂಕ್ತ. ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟರೆ ತರಗತಿಯ ಕೋಣೆಯೇ ಸಾಕಾಗುತ್ತದೆ.

ಎರಡನೆಯದು, ಧ್ವನಿ ಮತ್ತು ಚಿತ್ರವನ್ನು ಒಟ್ಟಿಗೆ ಮುದ್ರಿಸುವುದು. ವೀರಗಾಸೆಯಲ್ಲಿ ಸಂಬಾಳದ ಪೆಟ್ಟು, ಹೆಜ್ಜೆ ಮತ್ತು ಒಡಪು ಒಂದನ್ನೊಂದು ಅನುಸರಿಸುವುದರಿಂದ ಈ ವಿಧಾನವೇ ಯೋಗ್ಯ. ಆದರೆ ಕ್ಯಾಮೆರಾ ವಾದ್ಯದಿಂದ 34 ಮೀಟರ್ ದೂರದಲ್ಲಿದ್ದರೆ ಧ್ವನಿಯು ಸುಮಾರು 0.1 ಸೆಕೆಂಡು ತಡವಾಗಿ ತಲುಪುತ್ತದೆ. ಕೋಲು ಚರ್ಮಕ್ಕೆ ಬಿದ್ದ ನಂತರ ಸದ್ದು ಕೇಳಿಸಿದಂತಾಗುತ್ತದೆ. ಆದ್ದರಿಂದ ಎರಡನೆಯ ಮೊಬೈಲ್ ಒಂದನ್ನು ವಾದ್ಯಗಾರರಿಂದ ಮೂರ್ನಾಲ್ಕು ಮೀಟರ್ ಅಂತರದಲ್ಲಿಟ್ಟು ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸಬೇಕು. ಆರಂಭದಲ್ಲಿ ಎರಡೂ ಉಪಕರಣಗಳ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಹೊಂದಿಸಲು ಅನುಕೂಲ. ಧ್ವನಿಮಟ್ಟದ ಸೂಚಕವು ಕೆಂಪು ಗೆರೆ ಮುಟ್ಟದಂತೆ ನೋಡಿಕೊಳ್ಳತಕ್ಕದ್ದು. ಒಡೆದ ಧ್ವನಿಯನ್ನು ನಂತರ ಸರಿಪಡಿಸಲಾಗದು. ಬಯಲು ಮತ್ತು ಕಾವಲುಗಳಲ್ಲಿ ಗಾಳಿಯ ಸದ್ದು ಮೈಕನ್ನು ಮುಚ್ಚಿಬಿಡುವುದರಿಂದ ಸ್ಪಂಜು ಅಥವಾ ಉಣ್ಣೆ ಬಟ್ಟೆಯ ಹೊದಿಕೆ ಬಳಸಬೇಕು.

7. ಚಿತ್ರೀಕರಣ

(ಅ) ಬೆಳಗಿನ ಅಥವಾ ಸಂಜೆಯ ಎಳೆ ಬಿಸಿಲು ಉತ್ತಮ. ನಡುಹಗಲಿನ ಬಿಸಿಲಿನಲ್ಲಿ ಪೇಟದ ನೆರಳು ಕಣ್ಣನ್ನು ಮರೆಮಾಡುತ್ತದೆ.
(ಆ) ಭಾರತದ ವಿದ್ಯುತ್ ಪೂರೈಕೆಯು 50 ಹರ್ಟ್ಸ್ ಆಗಿರುವುದರಿಂದ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟಿಗಳು ಓಡಬಹುದು. ಸೆಕೆಂಡಿಗೆ 25 ಚೌಕಟ್ಟು ಮತ್ತು 1/50 ಅಥವಾ 1/100 ಷಟರ್ ವೇಗ ಆಯ್ದುಕೊಂಡಲ್ಲಿ ಇದನ್ನು ತಪ್ಪಿಸಬಹುದು.
(ಇ) ಮೊಬೈಲನ್ನು ಅಡ್ಡಲಾಗಿ, ಸ್ಟ್ಯಾಂಡ್ ಅಥವಾ ಕಲ್ಲಿನ ಆಸರೆಯಲ್ಲಿ ಹಿಡಿಯಬೇಕು. ಫೋನನ್ನು ಏರ್‌ಪ್ಲೇನ್ ಸ್ಥಿತಿಯಲ್ಲಿಟ್ಟರೆ ಕರೆಗಳಿಂದ ಮುದ್ರಣ ತುಂಡಾಗುವುದಿಲ್ಲ.
(ಈ) ಸೆಕೆಂಡಿಗೆ 16 ಮೆಗಾಬಿಟ್ ದರದಲ್ಲಿ ಒಂದು ನಿಮಿಷಕ್ಕೆ ಸುಮಾರು 120 ಎಂ.ಬಿ., ಅರ್ಧ ಗಂಟೆಗೆ 3.6 ಜಿ.ಬಿ. ಸ್ಥಳ ಬೇಕಾಗುತ್ತದೆ. ಅದೇ ದಿನ ಎರಡು ಕಡೆ ನಕಲು ಮಾಡಿಡತಕ್ಕದ್ದು.
(ಉ) ವೃದ್ಧ ಕಲಾವಿದರನ್ನು ಪದೇ ಪದೇ ಕುಣಿಸುವುದು ತರವಲ್ಲ. ಪೂರ್ವಾಭ್ಯಾಸವನ್ನು ವಿದ್ಯಾರ್ಥಿಗಳನ್ನೇ ನಿಲ್ಲಿಸಿ ಮುಗಿಸಿ, ಕಲಾವಿದರಿಂದ ಎರಡು ಬಾರಿಗೆ ಮಾತ್ರ ಕೋರಬೇಕು.

8. ಸಂಕಲನ

ಧ್ವನಿಗೆ ಆಡಾಸಿಟಿ, ಚಿತ್ರಕ್ಕೆ ಓಪನ್‌ಶಾಟ್ ಅಥವಾ ಕೆಡೆನ್‌ಲೈವ್ ಎಂಬ ಉಚಿತ ಹಾಗೂ ಮುಕ್ತ ತಂತ್ರಾಂಶಗಳನ್ನು ಬಳಸಬಹುದು. ಮೊದಲು ಧ್ವನಿಯನ್ನು ಪೂರ್ಣಗೊಳಿಸಿ, ಅದರ ಮೇಲೆ ಚಿತ್ರಗಳನ್ನು ಜೋಡಿಸಬೇಕು. ಕೊನೆಯ ಹೆಸರುಪಟ್ಟಿಯಲ್ಲಿ ಕಲಾವಿದರ ಹೆಸರು ಮತ್ತು ಊರು ಮೊದಲು ಬರತಕ್ಕದ್ದು. ಓದಲು ಸಾಕಷ್ಟು ಕಾಲ ಪರದೆಯ ಮೇಲಿರಬೇಕು. ಸಾಹಿತ್ಯವನ್ನು ಕನ್ನಡದಲ್ಲಿ ಅಡಿಬರಹವಾಗಿ ನೀಡಿದಲ್ಲಿ ಶ್ರವಣದೋಷವುಳ್ಳವರಿಗೂ ಅನುಕೂಲವಾಗುತ್ತದೆ.

9. ಮೌಲ್ಯಮಾಪನ

ಮೌಲ್ಯಮಾಪನವನ್ನು ಮೂರು ಹಂತಗಳಲ್ಲಿ ಕೈಗೊಳ್ಳುವುದು ಸೂಕ್ತ.

ಮೊದಲ ಹಂತ: ತಂಡವು ವಿಡಿಯೋವನ್ನು ಒಮ್ಮೆ ಧ್ವನಿಯಿಲ್ಲದೆ ನೋಡಬೇಕು, ಒಮ್ಮೆ ಕಣ್ಣು ಮುಚ್ಚಿ ಆಲಿಸಬೇಕು. ಧ್ವನಿಯಿಲ್ಲದಾಗ ಕಥೆ ತಿಳಿಯದಿದ್ದರೆ ಚಿತ್ರಗಳ ಕ್ರಮವನ್ನೂ, ಕಣ್ಣು ಮುಚ್ಚಿದಾಗ ಸಾಹಿತ್ಯ ತಿಳಿಯದಿದ್ದರೆ ಧ್ವನಿಯನ್ನೂ ತಿದ್ದಬೇಕು.

ಎರಡನೆಯ ಹಂತ: ಇತರೆ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಅಂಕ ನೀಡುವುದು. ಉದಾಹರಣೆಗೆ ಧ್ವನಿಯ ಸ್ಪಷ್ಟತೆ, ತಾಳಕ್ಕೆ ದೃಶ್ಯದ ಹೊಂದಾಣಿಕೆ, ಯೋಜನೆಯಂತೆ ಕೆಲಸ ನಡೆದ ಬಗೆ ಹಾಗೂ ಅನುಮತಿ ದಾಖಲೆಗಳ ಪೂರ್ಣತೆ ಈ ನಾಲ್ಕಕ್ಕೆ ತಲಾ 5ರಂತೆ ಒಟ್ಟು 20 ಅಂಕಗಳು.

ಮೂರನೆಯ ಹಂತ: ಪ್ರಕಟಣೆಗೆ ಮುನ್ನ ಕಲಾವಿದರಿಗೆ ಅವರ ಊರಿನಲ್ಲಿಯೇ ವಿಡಿಯೋವನ್ನು ತೋರಿಸುವುದು. ಒಡಪು ಅರ್ಧಕ್ಕೆ ಕತ್ತರಿಸಿಹೋಗಿರುವುದು, ವೇಷದ ಕ್ರಮ ತಪ್ಪಿ ಜೋಡಣೆಯಾಗಿರುವುದು ಇತ್ಯಾದಿ ದೋಷಗಳು ಅವರ ಕಣ್ಣಿಗೆ ಮಾತ್ರ ಬೀಳುತ್ತವೆ. ಅವರು ಸೂಚಿಸಿದ ತಿದ್ದುಪಡಿಗಳನ್ನು ಮಾಡದೆ ವಿಡಿಯೋವನ್ನು ಪ್ರಕಟಿಸುವುದು ಉಚಿತವಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ವಿದ್ಯಾರ್ಥಿಗಳ ವಿಡಿಯೋಗೆ ಕೃತಿಸ್ವಾಮ್ಯ ನೋಂದಣಿ ಕಡ್ಡಾಯವೇ?
ಉ: ಕಡ್ಡಾಯವಲ್ಲ. ಕೃತಿ ರಚನೆಯಾದೊಡನೆ ಹಕ್ಕು ದೊರೆಯುತ್ತದೆ.

ಪ್ರ: ಚಲನಚಿತ್ರ ಗೀತೆಗೆ ವಿದ್ಯಾರ್ಥಿಗಳು ಕುಣಿದ ವಿಡಿಯೋವನ್ನು ಅಂತರ್ಜಾಲದಲ್ಲಿ ಹಾಕಬಹುದೇ?
ಉ: ಧ್ವನಿಮುದ್ರಿಕೆ, ಸಾಹಿತ್ಯ ಮತ್ತು ಸಂಗೀತದ ಹಕ್ಕುದಾರರ ಅನುಮತಿ ಇಲ್ಲದೆ ಹಾಕಕೂಡದು. ಮೂಲದ ಹೆಸರು ನಮೂದಿಸಿದ ಮಾತ್ರಕ್ಕೆ ಅನುಮತಿ ಪಡೆದಂತಾಗುವುದಿಲ್ಲ.

ಪ್ರ: ಪಾಲಕರು ತರುವಾಯ ಒಪ್ಪಿಗೆಯನ್ನು ಹಿಂಪಡೆದರೆ?
ಉ: ಆ ಮಗು ಕಾಣುವ ಶಾಟ್‌ಗಳನ್ನು ತೆಗೆದು ಮರುಸಂಕಲನ ಮಾಡುವುದು ಸೂಕ್ತ. ಈ ಕಾರಣಕ್ಕಾಗಿ ಮೂಲ ಕಡತಗಳನ್ನು ಅಳಿಸದೆ ಕಾಪಾಡಿಕೊಳ್ಳಬೇಕು.

ಗಮನಿಸಿ: ಸಮ್ಮತಿ ಪತ್ರಗಳು, ಅನುಮತಿ ಆದೇಶಗಳು, ಸ್ಟೋರಿಬೋರ್ಡ್ ಮತ್ತು ಅಂಕಪಟ್ಟಿಯನ್ನು ಒಂದೇ ಕಡತದಲ್ಲಿ ಸಂಸ್ಥೆಯಲ್ಲಿ ಇರಿಸತಕ್ಕದ್ದು. ವಿಡಿಯೋದ ಒಂದು ಪ್ರತಿಯನ್ನು ಕಲಾವಿದರ ಕುಟುಂಬಕ್ಕೆ ನೀಡುವುದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿ ಅಥವಾ ಚಿಕ್ಕಮಗಳೂರಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.