ಹೊಸೂರು ಸೀಮೆಯ ದನಗಳೂ ಪಶುವೈದ್ಯವೂ

೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲೀಸನು ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದು ಹಿಂದಿರುಗಬೇಕಾಯಿತು. ಫಿರಂಗಿ ಎಳೆಯುವ ಎತ್ತುಗಳು ಮೇವಿಲ್ಲದೆಯೂ ರೋಗದಿಂದಲೂ ಸತ್ತುದರಿಂದ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿಸಿದನು. ಜುಲೈಯಲ್ಲಿ ನಮ್ಮ ಹೊಸೂರೂ ರಾಯಕೋಟೆಯೂ ಅವನ ಸೈನ್ಯದ ವಶವಾದುವು. ಈ ಯುದ್ಧದ ಪಾಠ ಹೇಳುವಾಗ ನಾವು ಸೇನಾಪತಿಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತೇವೆ. ಎತ್ತುಗಳ ಸಾವನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆ.

ಮೈಸೂರಿನವರಿಗೆ ಎತ್ತಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಆ ಎತ್ತುಗಳ ಬಲದಿಂದ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಸೇರಿದನೆಂದು ಹೇಳುತ್ತಾರೆ. ಕಾವಲುಗಳಲ್ಲಿ ಅರೆಕಾಡಾಗಿ ಬೆಳೆದ ಈ ದನಕ್ಕೆ ಓಟವೂ ಕೆಚ್ಚೂ ಒಟ್ಟಿಗೇ ಬಂದವು. ಅಪರಿಚಿತನನ್ನು ಅದು ಹತ್ತಿರ ಸೇರಿಸದು. ಬರಗೂರು ಬೆಟ್ಟದ ದನದ ಸ್ವಭಾವವೂ ಹೀಗೆಯೇ.

ಇಂಥ ದನಕ್ಕೆ ಔಷಧ ಕೊಡುವುದು ಹೇಗೆ? ಬೆದರಿದ ದನದ ತಲೆಯನ್ನು ಎತ್ತಿಹಿಡಿದು ಅವಸರದಿಂದ ಗೊಟ್ಟ ಹಾಕಿದರೆ ಔಷಧ ಶ್ವಾಸನಾಳಕ್ಕೆ ಇಳಿದು, ಬದುಕಬಹುದಾದುದೂ ಸಾಯುತ್ತದೆ. ಆದಕಾರಣ ಮದ್ದಿನಷ್ಟೇ ಮುಖ್ಯವಾದುದು ಗೊಟ್ಟ ಹಿಡಿದವನ ಕೈಯ ಪರಿಚಯ.

೧೮೨೪ರಲ್ಲಿ ಸೈನ್ಯದ ಕುದುರೆಗಳಿಗೆಂದು ಏರ್ಪಟ್ಟ ಹೊಸೂರಿನ ಕ್ಷೇತ್ರವು ಮುಂದೆ ದನಸಾಕಣೆಯ ಕೇಂದ್ರವಾಯಿತು. ದಕ್ಷಿಣದ ಜಾನುವಾರುಗಳನ್ನು ಕುರಿತು ೧೯೩೬ರಲ್ಲಿ ಪುಸ್ತಕ ಬರೆದ ಲಿಟಲ್‌ವುಡ್ ಇಲ್ಲಿಯೇ ಅಧಿಕಾರಿಯಾಗಿದ್ದವನು. ಹಳ್ಳಿಕಾರ್, ಆಲಂಬಾಡಿ ತಳಿಗಳು ಇಂದು ಗ್ರಂಥಗಳಲ್ಲಿ ಕಾಣುತ್ತಿವೆಯಾದರೆ ಅಂಥವರ ಶ್ರಮ ಅದರಲ್ಲಿದೆ. ಆ ದನಗಳನ್ನು ಕಟ್ಟಿ ಸಾಕಿದವರ ಹೆಸರು ಮಾತ್ರ ಯಾವ ಪುಟದಲ್ಲಿಯೂ ಇಲ್ಲ. ಇದು ನನಗೆ ಸರಿಯೆನಿಸುವುದಿಲ್ಲ.

ದೊಡ್ಡರೋಗವನ್ನೇ ನೋಡಿ. ಜ್ವರ ಏರಿದಾಗ ದನ ಮೊದಲು ಮೆಲುಕು ನಿಲ್ಲಿಸುತ್ತದೆ, ಹಿಂಡಿನಿಂದ ಅಗಲಿ ತಲೆಬಾಗಿ ನಿಲ್ಲುತ್ತದೆ. ಬಾಯಿಹುಣ್ಣೂ ಭೇದಿಯೂ ಆಮೇಲಿನವು. ದಿನಾಲೂ ದನದ ಹಿಂದೆ ನಡೆಯುವವನಿಗೆ ಆ ಮೊದಲ ದಿನವೇ ಅನುಮಾನ ಬರುತ್ತದೆ. ವೈದ್ಯನು ಬರುವ ಹೊತ್ತಿಗೆ ಅದೇ ಕೆರೆಯಲ್ಲಿ ನೀರು ಕುಡಿದ ಇತರ ದನಗಳಿಗೂ ಅಂಟಿರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೨೫ರಲ್ಲಿ ಸೀರಂ ಸಂಸ್ಥೆ ಹುಟ್ಟಿದುದು ಈ ರೋಗದ ಭಯದಿಂದ. ೧೯೫೪ರಿಂದ ದೇಶದಾದ್ಯಂತ ಲಸಿಕೆಯ ಕಾರ್ಯ ನಡೆಯಿತು. ೨೦೧೧ರಲ್ಲಿ ಲೋಕದಿಂದಲೇ ದೊಡ್ಡರೋಗ ತೊಲಗಿತೆಂದು ಸಾರಲಾಯಿತು. ಲಸಿಕೆಯ ಸೂಜಿ ವೈದ್ಯನ ಕೈಯಲ್ಲಿತ್ತು. ಮೂಗುದಾರವನ್ನು ಹಿಡಿದು, ಹೆಸರು ಕರೆದು, ಗಂಗೆದೊಗಲನ್ನು ಸವರುತ್ತ ನಿಂತವನು ಮನೆಯವನು.